ವಸ್ತಾರು

ಗುದ್ದಲಿ ಮತ್ತೆ ಕಲ್ಲಿಗೆ ಬಡಿಯಿತು. ಗುಂಡಿಯೊಳಗಿದ್ದ ಆಳು ‘ಥೂ’ ಎಂದು ಹಿಡಿಯನ್ನು ತೊಡೆಗೆ ಒರಗಿಸಿಕೊಂಡು ಬೆವರು ಒರೆಸಿಕೊಂಡ. ಮೇಲೆ ನಿಂತಿದ್ದ ವೆಂಕಟ್ ಹಾರೆಯನ್ನು ಒಳಕ್ಕೆ ಇಳಿಬಿಟ್ಟ. ಬೈರಕೂರಿನ ಸುತ್ತಮುತ್ತ ತೋತಾಪುರಿ ಕೀಳುವ ಕಡೆಯ ವಾರ ಅದು. ಪಕ್ಕದ ತೋಪಿನಲ್ಲಿ ಬಲೆ ಕಟ್ಟಿದ ದೋಟಿಗಳು ಎಲೆಗಳೊಳಗೆ ಹೋಗಿ ಬರುತ್ತಿದ್ದವು. ಕಾಯಿ ಕ್ರೇಟಿಗೆ ಬೀಳುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಮಳೆ ಬಿದ್ದರೆ ಕಾಯಿಗೆ ಚುಕ್ಕೆ ಬರುತ್ತದೆ, ಮಂಡಿಯಲ್ಲಿ ಕೇಳುವವರಿರುವುದಿಲ್ಲ. ಹಾಗಾಗಿ ಸಾವಿನ ಕೆಲಸಕ್ಕೂ ಆಳು ಸಿಕ್ಕಿರಲಿಲ್ಲ. ತೋಪಿನವರ ಕೈಕಾಲು ಹಿಡಿದು ವೆಂಕಟ್ ಇಬ್ಬರನ್ನು ಮಧ್ಯಾಹ್ನದವರೆಗೆ ಬಿಡಿಸಿಕೊಂಡು ಬಂದಿದ್ದ.

“ಇನ್ನೆಷ್ಟು ಆಳ ಬೇಕಣ್ಣ?”

“ಎದೆಮಟ್ಟ ಆಗ್ಲಿ.”

“ನಿಮ್ಮ ಮಾವ ಸಣ್ಣಕ್ಕಿದ್ರಲ್ಲ, ಸೊಂಟಮಟ್ಟ ಸಾಲದಾ?”

“ಸಣ್ಣಕ್ಕಿದ್ರು ಅಂತ ಮೇಲ್ಮೇಲೆ ಹೂಳೋಕಾಗ್ತದೇನ್ಲಾ? ಅಗಿ.”

ಸತ್ತವನು ಎಲ್ಲಪ್ಪ, ವೆಂಕಟನ ಸೋದರಮಾವ. ಎಪ್ಪತ್ತೊಂದು ವರ್ಷ. ನಿನ್ನೆ ಸಂಜೆ ಜಗಲಿಯ ಮೇಲೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಕೂತಿದ್ದವನು ಹಾಗೇ ಗೋಡೆಗೆ ಒರಗಿದ್ದ. ಕಾಫಿ ಆರಿ ಕೆನೆ ಕಟ್ಟಿದ ಮೇಲೆ ಹೆಂಡತಿ ಬಚ್ಚಮ್ಮ ಲೋಟ ತೆಗೆಯಲು ಬಂದು ನೋಡಿದ್ದಳು. ಮಕ್ಕಳಿಲ್ಲದ ಮನೆ. ಕೊಳ್ಳಿಯಾಗಲಿ ಮಣ್ಣಾಗಲಿ ಅಕ್ಕನ ಮಗನೇ ಹಾಕಬೇಕು.

ವೆಂಕಟನ ಫೋನು ರಿಂಗಾಯಿತು. ಅವನು ಮಾತಾಡಿ ಜೇಬಿಗಿಟ್ಟುಕೊಂಡು ಮನೆ ಕಡೆ ನಡೆದ.

ಮನೆ ಮುಂದೆ ಶಾಮಿಯಾನ, ಅದರ ಕೆಳಗೆ ಬಾಡಿಗೆಯ ಐಸ್ ಪೆಟ್ಟಿಗೆ. ಪೆಟ್ಟಿಗೆಯ ತಲೆಯ ಕಡೆ ಎಲ್ಲಪ್ಪನ ಅಕ್ಕ ಮುನಿಗಂಗಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಎಪ್ಪತ್ತೆಂಟರ ಮುದುಕಿ. ಅತ್ತು ಮುಗಿದಿತ್ತು. ಈಗ ಬರೀ ಸುಸ್ತು.

“ಬಂದ್ನಂತಾ?”

“ಮುಳಬಾಗಿಲು ದಾಟಿದ್ರಂತೆ ಕಣಮ್ಮ.”

“ಬೆಳಿಗ್ಗೆ ಎಂಟಕ್ಕೆ ಹೊಸಕೋಟೆ ದಾಟಿದ ಅಂದೆ. ಹತ್ತಕ್ಕೆ ಕೋಲಾರ ದಾಟಿದ ಅಂದೆ. ಈ ಉಮಾಶಂಕರ ದಾಟೋದೇ ಆಯ್ತು, ಬರೋದು ಮಾತ್ರ ಕಾಣೆ.”

“ಬಿಡಿ ಅತ್ತಿಗೆ,” ಎಂದಳು ಬಚ್ಚಮ್ಮ. “ಇವರು ಬದುಕಿದ್ದಾಗ್ಲೂ ಹೀಗೇ ಕಾಯ್ತಾ ಇದ್ರು. ಅಭ್ಯಾಸ ಆಗಿದೆ ಅವರಿಗೆ.”

ಶಾಮಿಯಾನದಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಉಮಾಶಂಕರನನ್ನು ನೋಡಲೆಂದೇ ಬಂದವರು. ಮಲ್ಗೋವಾ ಮೆಲೋಡೀಸ್‌ನ ಉಮಾಶಂಕರ್ ಎಂದರೆ ಮಾಲೂರಿನಿಂದ ಚಿತ್ತೂರಿನವರೆಗೆ ಗೊತ್ತಿಲ್ಲದವರಿಲ್ಲ. ಆಟೋಗಳ ಹಿಂದೆ ಅವನ ಚಿತ್ರವಿರುತ್ತಿತ್ತು. ಮದುವೆಗಳಲ್ಲಿ ಹುಡುಗರು ಅವನ ಹಾಡಿಗೇ ಕುಣಿಯುತ್ತಿದ್ದರು. ಆ ತಂಡವನ್ನು ಕಟ್ಟಿದವನು, ಹದಿನೆಂಟು ವರ್ಷ ಅದರ ಮ್ಯಾನೇಜರಾಗಿದ್ದವನು ಐಸ್ ಪೆಟ್ಟಿಗೆಯಲ್ಲಿದ್ದ. ಅವನ ಚಿತ್ರ ಆಟೋ ಹಿಂದೆ ಇರಲಿ, ಮನೆಯ ಗೋಡೆಯ ಮೇಲೂ ಇರಲಿಲ್ಲ. ಹಾರ ಹಾಕಲು ಫೋಟೋ ಸಿಗದೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದರು.

* * *

ಎಲ್ಲಪ್ಪ ಮೊದಲು ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ. ಬೆಳೆಗಾರರಿಗೆ ಕನ್ನಡದಲ್ಲಿ, ಆಂಧ್ರದ ಸಾಹುಕಾರರಿಗೆ ತೆಲುಗಿನಲ್ಲಿ, ದೂರದಿಂದ ಬಂದವರಿಗೆ ಹಿಂದಿಯಂಥ ಒಂದು ಭಾಷೆಯಲ್ಲಿ. ಸೀಸನ್ ಮುಗಿಯುವ ಹೊತ್ತಿಗೆ ಗಂಟಲು ಕಟ್ಟಿ ಮನೆಯಲ್ಲಿ ಸನ್ನೆಯಲ್ಲೇ ಅನ್ನ ಕೇಳುತ್ತಿದ್ದ.

ಒಂದು ದಿನ ಲಾರಿಗೆ ಕಾಯಿ ತುಂಬುತ್ತಿದ್ದ ಹುಡುಗನೊಬ್ಬ ಲೋಡಿನ ಮೇಲೆ ಕೂತು ಹಾಡುವುದು ಕೇಳಿಸಿತು. ಅರ್ಧ ಸಾಲು ಕನ್ನಡ, ಅರ್ಧ ಸಾಲು ತೆಲುಗು. ಅವನು ಬೇಕೆಂದು ಹಾಗೆ ಹಾಡುತ್ತಿರಲಿಲ್ಲ, ಅವನಿಗೆ ಬರುತ್ತಿದ್ದುದೇ ಹಾಗೆ. ಹರಾಜು ನಿಲ್ಲಿಸಿ ಎಲ್ಲಪ್ಪ ಕೇಳಿದ. ಮಂಡಿಯವರೂ ನಿಂತು ಕೇಳಿದರು. ಆ ಹುಡುಗನೇ ಉಮಾಶಂಕರ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನ ಮಗಳು ವೆಂಕಟಲಕ್ಷ್ಮಿ ಭಜನೆಯಲ್ಲಿ ಹಾಡುತ್ತಾಳೆಂದು ಯಾರೋ ಹೇಳಿದರು. ಹುತ್ತೂರಿನ ನಂದಕುಮಾರ್ ಏನು ಸಿಕ್ಕಿದರೂ ತಾಳ ಬಡಿಯುತ್ತಿದ್ದ. ಮೂವರನ್ನು ಕೂಡಿಸಿ ಎಲ್ಲಪ್ಪ ತಂಡ ಮಾಡಿದ. ಹೆಸರೂ ಅವನೇ ಇಟ್ಟ. “ಮಲ್ಗೋವಾ ಅಂದ್ರೆ ಎರಡೂ ಭಾಷೇಲಿ ಮಲ್ಗೋವಾನೇ,” ಎಂದು ಸಮಜಾಯಿಷಿ ಕೊಟ್ಟ.

ಆಮೇಲೆ ಅವನು ಪೂರ್ತಿ ನಿದ್ದೆ ಮಾಡಿದ ರಾತ್ರಿಗಳು ಕಡಿಮೆ. ಟೆಂಪೋದಲ್ಲಿ ಆಂಪ್ಲಿಫೈಯರುಗಳ ಮಧ್ಯೆ ಕಾಲು ಮಡಚಿ ಮಲಗುವುದು, ಮೈಕಿನ ಪರ್ಮಿಷನ್ನಿಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕಾಯುವುದು, ವೆಂಕಟಲಕ್ಷ್ಮಿಯ ಗಂಟಲಿಗೆ ಮೆಣಸಿನ ಕಷಾಯ ಕಾಯಿಸುವುದು, ಕುಡಿದು ಮಲಗಿದ ಕೀಬೋರ್ಡಿನವನನ್ನು ಎಬ್ಬಿಸಿ ತಲೆಗೆ ನೀರು ಸುರಿಯುವುದು. ಸ್ಟೇಜು ಹತ್ತಿದ್ದು ಒಂದೇ ಸಲ, ಅದೂ ಫ್ಯೂಸ್ ಹೋದಾಗ.

ಬುಕಿಂಗಿಗೆ ಅವನಲ್ಲಿ ಕಾಗದ ಇರಲಿಲ್ಲ. ಬಂದವರು ಎರಡು ವೀಳ್ಯದೆಲೆ, ಒಂದು ಅಡಿಕೆ ಕೊಡಬೇಕು. ಅವನು ಬಲಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರೆ ಮುಗಿಯಿತು. “ಎಲೆ ತಗೊಂಡಿದ್ದೀನಿ ಕಣಪ್ಪ,” ಎಂದರೆ ಮಳೆಯಾದರೂ ಸಾವಾದರೂ ಮಲ್ಗೋವಾ ಟೆಂಪೋ ಆ ಊರಿಗೆ ಹೋಗಿಯೇ ತೀರುತ್ತಿತ್ತು.

ತಂಡ ದೊಡ್ಡದಾದ ಮೇಲೆ ಬೆಂಗಳೂರಿನ ಕಂಪನಿಯೊಂದು ಒಪ್ಪಂದದ ಕಾಗದ ತಂದಿತು. ಮ್ಯಾನೇಜರ್ ಎಂದು ಇಂಗ್ಲಿಷ್ ಬರುವ ಹುಡುಗಿಯೊಬ್ಬಳು ಬಂದಳು. ಉಮಾಶಂಕರ ಎಲ್ಲಪ್ಪನ ಭುಜ ಹಿಡಿದು ಬಹಳ ಪ್ರೀತಿಯಿಂದ, “ಅಣ್ಣ, ನೀವಿನ್ನು ರೆಸ್ಟ್ ತಗೊಳ್ಳಿ,” ಎಂದ. ಎಲ್ಲಪ್ಪ ಬೈರಕೂರಿಗೆ ಬಂದು ರೆಸ್ಟ್ ತಗೊಂಡ. ಹದಿಮೂರು ವರ್ಷ.

* * *

ಕಾರು ಬಂದಾಗ ಹನ್ನೊಂದೂವರೆ. ಬಿಳಿ ಷರಟಿನ ಉಮಾಶಂಕರ ಕನ್ನಡಕ ತೆಗೆದು ಜೇಬಿಗೆ ಸಿಕ್ಕಿಸಿಕೊಂಡು ಇಳಿದ. ಹುಡುಗರು ಫೋನು ಎತ್ತಿ ಹಿಡಿದರು. ಅವನ ಕಣ್ಣು ಕೆಂಪಗಿತ್ತು. ಅಳುವಿನದೋ ನಿದ್ದೆಗೆಟ್ಟಿದ್ದೋ ತಿಳಿಯುವಂತಿರಲಿಲ್ಲ. ನಂದಕುಮಾರ್ ಮತ್ತು ವೆಂಕಟಲಕ್ಷ್ಮಿ ಬೆಳಿಗ್ಗೆಯೇ ನಂದಕುಮಾರನ ಹಳೇ ಓಮ್ನಿಯಲ್ಲಿ ಬಂದಿದ್ದರು. ಇಬ್ಬರೂ ಈಗಲೂ ತಂಡದಲ್ಲಿದ್ದರು, ಹಿಂದಿನ ಸಾಲಿನಲ್ಲಿ. ವೆಂಕಟಲಕ್ಷ್ಮಿ ಬಚ್ಚಮ್ಮನ ಕೈ ಹಿಡಿದುಕೊಂಡು ಬೆಳಗಿನಿಂದ ಒಂದೂ ಮಾತಾಡದೆ ಕೂತಿದ್ದಳು.

ಮೈ ತೊಳೆದು, ಹೊಸ ಪಂಚೆ ಉಡಿಸಿ, ಚಟ್ಟದ ಮೇಲೆ ಮಲಗಿಸಿದರು. ಬಾಯಿಗೆ ಅಕ್ಕಿ ಹಾಕುವುದೊಂದು ಉಳಿದಿತ್ತು. ಈ ಮನೆಯಲ್ಲಿ ಅದಕ್ಕೊಂದು ರೂಢಿ ಇತ್ತು. ಅಕ್ಕಿ ಹಾಕುವವರು ಸತ್ತವರಿಂದ ತಮಗೇನು ಬರಬೇಕೋ ಅದನ್ನು ಹೇಳಿ ‘ಬಿಟ್ಟೆ’ ಅನ್ನಬೇಕು. ಎಲ್ಲರೂ ಬಿಟ್ಟ ಮೇಲೆ ಹೆಣ ಎತ್ತುವುದು. ಎಲ್ಲಪ್ಪನ ತಂದೆಯನ್ನೂ ತಾತನನ್ನೂ ಹೀಗೇ ಕಳಿಸಿದ್ದರು. ಮುನಿಗಂಗಮ್ಮ ಗೋಡೆ ಹಿಡಿದು ಎದ್ದು ನಿಂತಳು.

“ಕೊಡಬೇಕಾದ್ದು, ಆಡಿದ್ದು, ಅಂದಿದ್ದು ಏನಿದ್ರೂ ಹೇಳ್ಕಳ್ರಪ್ಪ. ಹೇಳಿ ಬಿಡ್ರಿ. ಭಾರ ಹೊತ್ಕೊಂಡು ಹೋಗೋದು ಬ್ಯಾಡ ನನ್ನ ತಮ್ಮ.”

ಪಕ್ಕದ ಮನೆಯವನು ಅಕ್ಕಿ ಹಾಕಿ, “ನನ್ನ ಏಣಿ ತಗೊಂಡು ಹೋಗಿ ಮುರಿದಿದ್ದ. ಬಿಟ್ಟೆ,” ಎಂದ.

“ಮುರಿದಿದ್ದು ಅವನಲ್ಲ ಕಣೋ, ನೀನೇ ಕುಡಿದು ಹತ್ತಿ ಬಿದ್ದಿದ್ದು,” ಎಂದು ಹಿಂದಿನಿಂದ ಯಾರೋ ಅಂದರು. ನಗು ಬಂದವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಬಚ್ಚಮ್ಮ ಅಕ್ಕಿ ಹಾಕಿ ಪಂಚೆಯ ಅಂಚು ಸರಿಮಾಡಿದಳು. “ತಿರುಪತಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ರು. ಬಿಟ್ಟೆ,” ಎಂದಳು.

ಉಮಾಶಂಕರ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಕ್ಕಿ ಹಾಕಿ, “ಬಿಟ್ಟೆ,” ಎಂದ.

“ನೀನು ಬಿಡೋದೇನಿದೆ ಬಿಡಪ್ಪ,” ಎಂದಳು ಮುನಿಗಂಗಮ್ಮ, ಮೆತ್ತಗೆ. “ಬಿಡಬೇಕಾದ್ದು ಅವನು.”

ಉಮಾಶಂಕರ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಕಡೆಯಲ್ಲಿ ಹೊಂಗೆ ಮರದ ಕೆಳಗಿಂದ ಒಬ್ಬ ಎದ್ದು ಬಂದ. ಅರವತ್ತರ ಹತ್ತಿರದವನು, ಇಸ್ತ್ರಿ ಮಾಡಿದ ತುಂಬುತೋಳಿನ ಷರಟು, ಕಂಕುಳಲ್ಲಿ ಕೈಚೀಲ. ಯಲ್ದೂರಿನಿಂದ ಮೊದಲ ಬಸ್ಸಿಗೆ ಬಂದಿದ್ದ. ನಿನ್ನೆ ರಾತ್ರಿ ಬಚ್ಚಮ್ಮ ಅತ್ತಿಗೆಗೆ ತಿಳಿಸುವುದಕ್ಕೂ ಮೊದಲು ಫೋನು ಮಾಡಿಸಿದ್ದು ಇವನಿಗೆ.

“ಯಾರದು?” ಎಂದು ಯಾರೋ ಪಿಸುಗುಟ್ಟಿದರು.

“ವಸ್ತಾರು ಕದಿರೇಶ. ಕೊತ್ತಪಲ್ಲಿಯವನು.”

ಕದಿರೇಶ ಅಕ್ಕಿ ತೆಗೆದುಕೊಂಡ. ಎಲ್ಲಪ್ಪನ ಮುಖ ನೋಡಿದ. ಅಕ್ಕಿ ಹಾಕಲಿಲ್ಲ. ಮುಷ್ಟಿ ಬಿಗಿ ಹಿಡಿದು ನಿಂತುಬಿಟ್ಟ.

“ಹಾಕಪ್ಪ,” ಎಂದಳು ಮುನಿಗಂಗಮ್ಮ.

“ಆಗ್ತಿಲ್ಲ ಅಮ್ಮ. ನಂದೊಂದು ಪ್ರೋಗ್ರಾಂ ಬಾಕಿ ಇದೆ.”

* * *

ಕೊತ್ತಪಲ್ಲಿ ಅಂದರೆ ತೆಲುಗಿನಲ್ಲಿ ಹೊಸಹಳ್ಳಿ. ಶ್ರೀನಿವಾಸಪುರದ ರಸ್ತೆಯಲ್ಲೊಂದು ದೊಡ್ಡ ಹೊಸಹಳ್ಳಿ ಇತ್ತು. ಅಲ್ಲಿನ ಬೆಳೆಗಾರರು ಮಂಡಿಗೆ ಬಂದಾಗ ಕನ್ನಡದವರು ಹೊಸಹಳ್ಳಿ ಅನ್ನುತ್ತಿದ್ದರು, ತೆಲುಗಿನವರು ಕೊತ್ತಪಲ್ಲಿ ಅನ್ನುತ್ತಿದ್ದರು. ಎರಡೂ ಒಂದೇ ಎಂದು ಎಲ್ಲಪ್ಪನಿಗೆ ಗೊತ್ತಿತ್ತು. ಯಲ್ದೂರು ದಾಟಿ ಆಂಧ್ರದ ಗಡಿ ಮುಟ್ಟುವಲ್ಲಿ ನಲವತ್ತು ಮನೆಗಳ ಇನ್ನೊಂದು ಕೊತ್ತಪಲ್ಲಿ ಇದೆಯೆಂದು ಗೊತ್ತಿರಲಿಲ್ಲ. ಅಲ್ಲಿನ ಕಾಯಿ ಆಚೆ ಕಡೆಯ ಮಾರ್ಕೆಟ್ಟಿಗೆ ಹೋಗುತ್ತಿತ್ತು, ಅವನ ಮಂಡಿಗೆ ಒಂದು ಚೀಲವೂ ಬಂದಿರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ, ಶ್ರೀರಾಮನವಮಿಗೆ ಮುಂಚೆ ಹೊಸಹಳ್ಳಿಯವರು ಬಂದು ನವಮಿಯ ಮಾರನೇ ದಿನಕ್ಕೆ ಎಲೆ ಕೊಟ್ಟು ಹೋದರು. ಎರಡು ದಿನ ಬಿಟ್ಟು ತೆಳ್ಳಗಿನ ಯುವಕನೊಬ್ಬ ಬಂದ. ಕೊತ್ತಪಲ್ಲಿ, ಅದೇ ದಿನ, ಎಂದ. ಎಲ್ಲಪ್ಪ ನಕ್ಕ. ಒಂದೇ ಊರಿನಲ್ಲಿ ಎರಡು ಪಾರ್ಟಿ ಇರುವುದು, ಒಬ್ಬರಿಗೊಬ್ಬರು ತಿಳಿಸದೆ ಇಬ್ಬರೂ ಬರುವುದು ಹೊಸದಲ್ಲ.

“ನಿಮ್ಮೋರು ಆಗಲೇ ಬಂದಿದ್ರು ಕಣಪ್ಪ. ಒಪ್ಕೊಂಡಿದ್ದೀನಿ. ಒಂದೂರಿಗೆ ಒಂದೇ ಪ್ರೋಗ್ರಾಂ.”

“ನಮ್ಮೋರಾ? ನನ್ನೇ ಅಲ್ವಾ ಊರವರು ಕಳಿಸಿದ್ದು?”

“ಇರ್ಲಿ ಬಿಡು, ನಿನ್ನ ಕೈಯಿಂದಾನೂ ಎಲೆ ತಗೋತೀನಿ. ನಿಮ್ಮೂರಲ್ಲಿ ಜಗಳ ಬ್ಯಾಡ. ಬರ್ತೀವಿ ಹೋಗು.”

ತೆಲುಗು ಬಾರದ ಮ್ಯಾನೇಜರಾಗಿದ್ದರೆ ಕೊತ್ತಪಲ್ಲಿ ಎಲ್ಲಿದೆ ಎಂದು ಕೇಳುತ್ತಿದ್ದ. ಎಲ್ಲಪ್ಪ ಕೇಳಲಿಲ್ಲ. ಎಲೆ ಕಣ್ಣಿಗೊತ್ತಿಕೊಂಡ.

ಆ ರಾತ್ರಿ ಟೆಂಪೋ ಹೊಸಹಳ್ಳಿಗೆ ಹೋಯಿತು. ಕೊತ್ತಪಲ್ಲಿಯಲ್ಲಿ ಕದಿರೇಶ ಮನೆಮನೆಯ ಮಂಚ ಜೋಡಿಸಿ ಸ್ಟೇಜು ಕಟ್ಟಿದ್ದ. ಸುತ್ತಲಿನ ಏಳು ಊರಿನವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಎಂಟಾಯಿತು, ಹತ್ತಾಯಿತು. ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು, ವಸ್ತಾರು. ಬರ್ತಾರೆ. ಹನ್ನೆರಡಕ್ಕೆ ಮಕ್ಕಳು ಮಲಗಿದವು. ವಸ್ತಾರು. ಎರಡಕ್ಕೆ ಗಾಡಿಗಳು ತಿರುಗಿದವು. ಗಾಡಿಗಳ ಹಿಂದೆ ಓಡಿ ಹೋಗಿಯೂ ಹೇಳಿದ, ವಸ್ತಾರು, ಆಗಿಪೋಂಡಿ, ನಿಲ್ಲಿ, ವಸ್ತಾರು. ಬೆಳಗಾಯಿತು. ಮಂಚದವರು ಬಂದು ತಮ್ಮ ತಮ್ಮ ಮಂಚ ಬಿಚ್ಚಿಕೊಂಡು ಹೋದರು. ಅಂದಿನಿಂದ ಅವನ ಹೆಸರು ವಸ್ತಾರು.

ನಾಲ್ಕು ದಿನದ ಮೇಲೆ ವಿಷಯ ತಿಳಿದು ಎಲ್ಲಪ್ಪ ಕೊತ್ತಪಲ್ಲಿಗೆ ಹೋದ. ಕದಿರೇಶನ ಮನೆಯ ಹೊಸ್ತಿಲಲ್ಲೇ ನಿಂತು, “ತಪ್ಪು ನಂದು. ಒಂದು ಪ್ರೋಗ್ರಾಂ ಬಾಕಿ. ತೀರಿಸ್ತೀನಿ,” ಎಂದ. ಆ ಮಳೆಗಾಲದಲ್ಲಿ ಮಲ್ಗೋವಾದ ಕ್ಯಾಸೆಟ್ಟು ಬಂತು. ಆಮೇಲೆ ಒಂದು ದಿನವೂ ಖಾಲಿ ಸಿಗಲಿಲ್ಲ. ಎಲ್ಲಪ್ಪ ಉಮಾಶಂಕರನಿಗೆ ಎರಡು ಸಲ ಹೇಳಿದ. “ಆ ದಾರೀಲಿ ಸೌಂಡಿನ ಲಾರಿ ಹೋಗಲ್ಲ ಅಣ್ಣ, ನೋಡೋಣ,” ಎಂದ ಅವನು. ಮೂರನೇ ಸಲ ಹೇಳಲು ಎಲ್ಲಪ್ಪನಿಗೆ ಬಾಯಿ ಬರಲಿಲ್ಲ.

ವರ್ಷಕ್ಕೊಂದು ಸಲ, ನವಮಿ ಮುಗಿದ ಮೇಲೆ, ಕದಿರೇಶ ಕೇಳಲು ಬರುತ್ತಿದ್ದ. “ಈ ವರ್ಷ ಖಂಡಿತ,” ಎನ್ನುತ್ತಿದ್ದ ಎಲ್ಲಪ್ಪ. ಬಚ್ಚಮ್ಮ ಊಟಕ್ಕೆ ಹಾಕುತ್ತಿದ್ದಳು. ರೆಸ್ಟ್ ತಗೊಂಡ ಮೇಲೂ ಅವನು ಬಂದ, ಇವನೂ ಹಾಗೇ ಅಂದ. ಮೂರು ಮಾತಾಡಿ, ಮುದ್ದೆ ಉಂಡು, ಜಗಲಿಯ ಮೇಲೆ ಇಬ್ಬರೂ ಒಂದು ನಿದ್ದೆ ಮಾಡುತ್ತಿದ್ದರು.

* * *

ಬಿಸಿಲು ಶಾಮಿಯಾನದ ಒಳಕ್ಕೆ ಬಂದಿತ್ತು. ತಮಟೆಯವರು ತಮಟೆ ಕೆಳಗಿಟ್ಟು ಬೀಡಿ ಹಚ್ಚಿದರು.

“ಬಿಟ್ಬಿಡಪ್ಪ,” ಎಂದ ವೆಂಕಟ್. “ಮಾವ ಬರಬೇಕು ಅಂತಿದ್ರು, ಆಗಲಿಲ್ಲ. ಸತ್ತೋನ ಹತ್ರ ಏನು ಹಟ?”

“ಹಟ ಅಲ್ಲ ಕಣಣ್ಣ. ಇವನಿರೋತನಕ ಕೇಳೋಕೆ ಅಂತ ಒಬ್ಬ ಇದ್ದ. ಇವತ್ತು ಮಣ್ಣಾದ್ರೆ ನಾಳೆ ನಾನು ಯಾರನ್ನ ಕೇಳ್ಲಿ?” ಕದಿರೇಶನ ಸ್ವರ ಏರಲಿಲ್ಲ. “ಮೊನ್ನೆ ಮೊಮ್ಮಗಳನ್ನ ಶಾಲೆಗೆ ಸೇರ್ಸೋಕೆ ಹೋಗಿದ್ದೆ. ಶಿವಾನಿ ಅಂತ. ಮೇಷ್ಟ್ರು ಹೊಸಬರು. ಇನಿಷಿಯಲ್ ಏನು ಅಂದ್ರು. ಪಕ್ಕದಲ್ಲಿದ್ದೋನು, ವಸ್ತಾರು ಅವರ ಮನೆ ಮಗು ಸಾರ್, ಅಂದ. ಮೇಷ್ಟ್ರು ಅದನ್ನೇ ಮನೆತನದ ಹೆಸರು ಅಂತ ತಿಳ್ಕೊಂಡು ಬರೆದೇಬಿಟ್ರು. ವಿ. ಶಿವಾನಿ.”

ಯಾರೋ ಕಿಸಕ್ಕೆಂದರು. ಬೇರೆ ಯಾರೂ ನಗಲಿಲ್ಲ.

“ನನಗೆ ಅಂದ್ಕೊಳ್ಲಿ. ನಾನು ಅಂದಿದ್ದೇ ತಾನೆ ಆ ಮಾತು. ಆ ಮಗು ಏನು ಅಂದಿತ್ತು?”

ಉಮಾಶಂಕರ ಮುಂದೆ ಬಂದ. ಜನ ತನ್ನನ್ನು ನೋಡುತ್ತಿರುವುದು ಅವನಿಗೆ ಗೊತ್ತಿತ್ತು. ಆದರೂ ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು.

“ಅಣ್ಣ, ತಪ್ಪು ನಂದೂ ಇದೆ. ಇನ್ನು ಹದಿನೈದು ದಿನದೊಳಗೆ ನಿಮ್ಮೂರಿಗೆ ಬರ್ತೀವಿ. ದೊಡ್ಡ ಸ್ಟೇಜು, ಎಲ್‌ಇಡಿ ಸ್ಕ್ರೀನು, ಫುಲ್ ಟೀಮು. ಒಂದು ರೂಪಾಯಿ ಬೇಡ. ಎಲ್ಲಪ್ಪಣ್ಣನ ಹೆಸರಲ್ಲಿ ಮಾಡೋಣ.”

ಕದಿರೇಶ ಅವನನ್ನೇ ನೋಡಿದ.

“ಒಳ್ಳೇದಪ್ಪ. ಇದನ್ನ ನಾನು ಊರಿಗೆ ಹೋಗಿ ಏನಂತ ಹೇಳ್ಲಿ?”

“ನಾವು ಬರ್ತೀವಿ ಅಂತ ಹೇಳಿ.”

“ವಸ್ತಾರು ಅಂತಾನಾ?”

ಮುನಿಗಂಗಮ್ಮ ತಲೆ ಅಲ್ಲಾಡಿಸಿ ಕೆಳಗೆ ಕೂತಳು, ಇನ್ನು ನಿಲ್ಲಲಾರೆ ಎನ್ನುವಂತೆ.

ಆಗ ವೆಂಕಟಲಕ್ಷ್ಮಿ ಬಚ್ಚಮ್ಮನ ಕೈ ಬಿಟ್ಟು ಎದ್ದಳು. ಬೆಳಗಿನಿಂದ ಮಾತಾಡದ ಗಂಟಲು ಒಡೆದಿತ್ತು.

“ಇವತ್ತೇ ಬರ್ತೀನಿ. ಮಣ್ಣು ಮಾಡಿ ನೇರ ನಿಮ್ಮೂರಿಗೆ.”

“ಅಕ್ಕ, ಸಂಜೆ ಬೆಂಗಳೂರಲ್ಲಿ ಶೋ ಇದೆ,” ಎಂದ ಉಮಾಶಂಕರ ಮೆಲ್ಲಗೆ. “ಏಳಕ್ಕೆ ಸೌಂಡ್ ಚೆಕ್.”

“ನನ್ನ ಜಾಗಕ್ಕೆ ರೆಕಾರ್ಡಿಂಗ್ ಟ್ರ್ಯಾಕ್ ಹಾಕ್ಕೋ. ಹೋದ ತಿಂಗಳೂ ಹಾಕಿದ್ರಲ್ಲ, ಯಾರಿಗೂ ಗೊತ್ತಾಗಲಿಲ್ಲ.”

ನಂದಕುಮಾರ್ ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಎದ್ದ. “ಲಕ್ಷ್ಮಿ, ಮೈಕಿಲ್ಲ, ಕೀಬೋರ್ಡಿಲ್ಲ. ನನ್ನ ರಿದಮ್ ಪ್ಯಾಡು ಕೂಡ ಬೆಂಗಳೂರಲ್ಲಿದೆ.”

“ಎಲೆ ತಗೊಂಡಾಗ ಏನಿತ್ತು ನಮ್ಮ ಹತ್ರ? ಓಮ್ನಿಗೆ ಡೀಸೆಲ್ ಇದೆಯಾ ಅಷ್ಟು ಹೇಳು.”

“ಓಮ್ನಿಗೆ ಪೆಟ್ರೋಲು,” ಎಂದ ನಂದಕುಮಾರ್. “ಇದೆ.”

ಕದಿರೇಶ ಅವಳನ್ನು ಬಹಳ ಹೊತ್ತು ನೋಡಿದ. ನರೆತ ಕೂದಲು, ಊದಿದ ಕಾಲು, ಕೆಟ್ಟ ಗಂಟಲು. ಇಪ್ಪತ್ತಾರು ವರ್ಷದ ಹಿಂದೆ ಬರಬೇಕಿದ್ದವಳು ಇವಳೇನಾ ಎಂದು ಲೆಕ್ಕ ಹಾಕುವವನ ಹಾಗೆ. ಆಮೇಲೆ ಬಗ್ಗಿ, ಮುಷ್ಟಿಯಲ್ಲಿ ಬೆವರಿಗೆ ಅಂಟಿದ್ದ ಅಕ್ಕಿಯನ್ನು ಬಿಡಿಸಿ ಬಿಡಿಸಿ ಎಲ್ಲಪ್ಪನ ತುಟಿಯ ಮೇಲೆ ಹಾಕಿದ.

“ಎತ್ರಪ್ಪ. ಬಿಸಿಲಾಯ್ತು.”

“ಬಿಟ್ಟೆ ಅನ್ಲಿಲ್ಲ ನೀನು,” ಎಂದಳು ಮುನಿಗಂಗಮ್ಮ.

“ಇವರು ಬರ್ಲಿ ಅಮ್ಮ.”

ಮುದುಕಿ ತಮ್ಮನ ಮುಖ ನೋಡಿದಳು. ಎಲ್ಲರೂ ಅವಳ ಕಡೆ ನೋಡುತ್ತಿದ್ದರು. “ಎತ್ರಿ,” ಎಂದಳು. “ಒಂದು ಭಾರ ತಾನೆ. ಹೊತ್ತು ರೂಢಿ ಇದೆ ಅವನಿಗೆ.”

ತಮಟೆ ಶುರುವಾಯಿತು. ಉಮಾಶಂಕರ ಚಟ್ಟದ ಮುಂಗಾಲಿಗೆ ಹೆಗಲು ಕೊಟ್ಟು ಗುಂಡಿಯವರೆಗೂ ಯಾರಿಗೂ ಬಿಟ್ಟುಕೊಡದೆ ಹೊತ್ತ. ಬಿಳಿ ಷರಟಿಗೆ ಅರಿಶಿನ ಹತ್ತಿತು. ವೆಂಕಟ್ ಮೂರು ಹಿಡಿ ಮಣ್ಣು ಹಾಕಿದ, ಆಮೇಲೆ ಎಲ್ಲರೂ ಹಾಕಿದರು. ಪಕ್ಕದ ತೋಪಿನಲ್ಲಿ ದೋಟಿಗಳು ಅಷ್ಟು ಹೊತ್ತು ಕೆಳಗಿಳಿದಿದ್ದವು. ಗುಂಡಿ ಮುಚ್ಚಿದ ಆಳುಗಳಿಬ್ಬರೂ ಕೈ ತೊಳೆದು ಅತ್ತ ಓಡಿದ ಮೇಲೆ ಮತ್ತೆ ಎದ್ದವು.

* * *

ಬೋರ್‌ವೆಲ್ಲಿನ ನೀರು ತಲೆಗೆ ಸುರಿದುಕೊಂಡು, ಒದ್ದೆ ಕೂದಲಿನಲ್ಲೇ ವೆಂಕಟಲಕ್ಷ್ಮಿ ಓಮ್ನಿ ಹತ್ತಿದಳು. ಕದಿರೇಶ ಮುಂದಿನ ಸೀಟಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತ. ಮಾವಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡು ಒಂದು ಗಂಟೆ ಹೋಯಿತು. ಒಂದು ಕಡೆ ನಂದಕುಮಾರ್, “ಊರಿಗೆ ಫೋನ್ ಮಾಡಿ ಹೇಳಬಾರದಾ, ಬರ್ತಿದ್ದೀವಿ ಅಂತ?” ಎಂದ.

“ಬ್ಯಾಡ,” ಎಂದ ಕದಿರೇಶ. “ಆ ಮಾತು ನನ್ನ ಬಾಯಲ್ಲಿ ಬ್ಯಾಡ.”

ಕೊತ್ತಪಲ್ಲಿ ತಲುಪಿದಾಗ ಐದು ಗಂಟೆ. ಊರಲ್ಲಿ ಜನವಿರಲಿಲ್ಲ, ಎಲ್ಲರೂ ತೋಪುಗಳಲ್ಲಿದ್ದರು. ಅಶ್ವತ್ಥಕಟ್ಟೆಯ ಎದುರಿನ ನೀರಿನ ಟ್ಯಾಂಕಿನ ಹತ್ತಿರ ಮೂವರು ಹೆಂಗಸರು ಬಿಂದಿಗೆ ಸಾಲಿಗಿಟ್ಟು ಕೂತಿದ್ದರು. ಅವರಲ್ಲಿ ಹಿರಿಯಳು ಚಿಕ್ಕಗಂಗಮ್ಮ ಹಣೆಗೆ ಕೈಯಿಟ್ಟು ನೋಡಿದಳು.

“ಏಂ ವಸ್ತಾರು, ಎವರು ವೀಳ್ಳು? ಯಾರಿವರು?”

“ಆರ್ಕೆಸ್ಟ್ರಾದೋರು.”

“ಯಾವ ಆರ್ಕೆಸ್ಟ್ರಾ?”

“ನಾನು ಎಲೆ ಕೊಟ್ಟಿದ್ದೆನಲ್ಲ, ಅದು.”

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ಈಗ ಬಂದ್ರೇನಯ್ಯ? ಶ್ರೀನಿವಾಸಪುರದಲ್ಲಿ ಟ್ರ್ಯಾಕ್ಟರು ಅಡ್ಡ ಇತ್ತಾ?”

“ಇತ್ತಮ್ಮ,” ಎಂದಳು ವೆಂಕಟಲಕ್ಷ್ಮಿ.

ಅವಳು ಕಟ್ಟೆ ಹತ್ತಿದಳು. ನಂದಕುಮಾರ್ ಯಾರದೋ ಜಗಲಿಯಿಂದ ಖಾಲಿ ಕ್ರೇಟೊಂದನ್ನು ತಂದು ಬೋರಲು ಹಾಕಿ, ಬೆರಳಿನಿಂದ ತಟ್ಟಿ ನೋಡಿ, ಮುಖ ಸಿಂಡರಿಸಿ, ಜಾಗ ಬದಲಿಸಿ ಮತ್ತೆ ತಟ್ಟಿದ. ಕದಿರೇಶ ಕಟ್ಟೆಯ ಮುಂದೆ, ಸರಿಯಾಗಿ ನಡುವೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

“ಯಾವ ಹಾಡು ಬೇಕಣ್ಣ?”

“ಬೇಕಾದ್ದು ಆಮೇಲೆ. ಪ್ರೋಗ್ರಾಂ ಹೆಂಗೆ ಶುರು ಮಾಡ್ತೀರೋ ಹಂಗೇ ಮಾಡಿ.”

ನಂದಕುಮಾರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಆ ಮಾತನ್ನು ಅವನು ಹಿಂದೆ ಸಾವಿರ ಸಲ ಹೇಳಿದ್ದ, ಹದಿಮೂರು ವರ್ಷದಿಂದ ಹೇಳಿರಲಿಲ್ಲ. “ಕೊತ್ತಪಲ್ಲಿ ಗ್ರಾಮದ ಸಮಸ್ತ ಮಹಾಜನತೆಗೆ ಮಲ್ಗೋವಾ ಮೆಲೋಡೀಸ್ ಕಲಾವಿದರ ವಂದನೆಗಳು. ಈ ಕಾರ್ಯಕ್ರಮದ ವ್ಯವಸ್ಥಾಪಕರು, ಇದೇ ಗ್ರಾಮದ ಶ್ರೀ ಕದಿರೇಶ್ ಅವರು.” ಮೂವರು ಹೆಂಗಸರೂ ಕದಿರೇಶನ ಕಡೆ ತಿರುಗಿದರು. ಅವನು ಕತ್ತು ನೆಟ್ಟಗೆ ಮಾಡಿಕೊಂಡ.

ವೆಂಕಟಲಕ್ಷ್ಮಿ ಗಣಪತಿಯ ಹಾಡು ಎತ್ತಿಕೊಂಡಳು. ಮೇಲಿನ ಸ್ವರಕ್ಕೆ ಗಂಟಲು ಹೋಗಲಿಲ್ಲ, ಒಂದು ಮೆಟ್ಟಿಲು ಇಳಿಸಿ ಮೊದಲಿನಿಂದ ಎತ್ತಿಕೊಂಡಳು. ಎರಡನೇ ಚರಣಕ್ಕೆ ಬರುವ ಹೊತ್ತಿಗೆ ತೋಪಿನ ದಾರಿಯಿಂದ ಟ್ರ್ಯಾಕ್ಟರೊಂದು ಬಂದು ಕಟ್ಟೆಯ ಹತ್ತಿರ ನಿಂತಿತು. ಟ್ರೈಲರಿನಲ್ಲಿ ಕಾಯಿಯ ರಾಶಿಯ ಮೇಲೆ ಇಪ್ಪತ್ತು ಜನ ಕೂಲಿಯವರು. ಹಿಂದೆಯೇ ಇನ್ನೊಂದು. “ಏಯ್, ಏನದು? ಯಾರು ಬಂದಿದ್ದಾರೆ?” ಎಂದು ಕೂಗುತ್ತ ಒಬ್ಬೊಬ್ಬರೇ ಧುಮುಕಿ, ಗದ್ದಲ ಮಾಡುತ್ತ ಹತ್ತಿರ ಬಂದರು.

ಕದಿರೇಶ ತಿರುಗಿ ನೋಡಲಿಲ್ಲ. ಕಣ್ಣನ್ನು ಹಾಡುವವಳ ಮೇಲೆಯೇ ಇಟ್ಟು, ಬಲಗೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಕೂತ್ಕೊಳ್ಳಿ ಎಂಬಂತೆ ಎರಡು ಸಲ ಆಡಿಸಿದ.